‘ಕುಡಿದಿದ್ದ’ ಎನ್ನುವುದಕ್ಕೆ ಇಂಗ್ಲಿಷ್‌ನಲ್ಲಿ ಯಾವ ಪದ? ತಪ್ಪಿಲ್ಲದೆ ಆರಿಸಲು ಸಮಗ್ರ ಮಾರ್ಗದರ್ಶಿ

ವಕೀಲರ ಕಚೇರಿಯಲ್ಲಿ ದೂರು ಅನುವಾದಿಸುವವರು, ಆಸ್ಪತ್ರೆಯ ಕ್ಯಾಶುವಾಲ್ಟಿಯಲ್ಲಿ ನೋಟ್ಸ್ ಬರೆಯುವವರು, ಪೊಲೀಸ್ ಪ್ರಕಟಣೆಯನ್ನು ಇಂಗ್ಲಿಷ್ ಸುದ್ದಿ ಮಾಡುವವರು, ಮಲ್ಪೆ, ಸುರತ್ಕಲ್ ಕಡೆಯ ರೆಸಾರ್ಟ್‌ಗಳಲ್ಲಿ ಇನ್ಸಿಡೆಂಟ್ ರಿಪೋರ್ಟ್ ಬರೆಯುವವರು: ಮಂಗಳೂರು ಮತ್ತು ಉಡುಪಿಯಲ್ಲಿ ಈ ನಾಲ್ಕೂ ಕಡೆ ಒಂದೇ ತಪ್ಪು ಮತ್ತೆ ಮತ್ತೆ ಆಗುತ್ತಿದೆ. ಕನ್ನಡದ ‘ಕುಡಿದಿದ್ದ’ ಇಂಗ್ಲಿಷ್‌ಗೆ ಹೋಗುವಾಗ ಒಮ್ಮೆ ಡ್ರಂಕ್ ಆಗುತ್ತದೆ, ಒಮ್ಮೆ ಡ್ರಂಕರ್ಡ್, ಇನ್ನೊಮ್ಮೆ ಇನೀಬ್ರಿಯೇಟೆಡ್. ಬರೆದವರಿಗೆ ಇವೆಲ್ಲ ಒಂದೇ. ಓದುವ ವಿಮಾ ಕಂಪನಿಗೆ, ನ್ಯಾಯಾಲಯಕ್ಕೆ, ಮುಂದಿನ ಪಾಳಿಯ ವೈದ್ಯರಿಗೆ ಒಂದೇ ಅಲ್ಲ.

ಇಂಗ್ಲಿಷ್ ಪದ ಗೊತ್ತಿಲ್ಲದೆ ಆಗುವ ತಪ್ಪು ಕಡಿಮೆ. ತನಗೆ ಏನು ಗೊತ್ತಿದೆ ಎಂದು ವಿಂಗಡಿಸುವ ಮೊದಲೇ ಪದ ಹುಡುಕಲು ಹೊರಡುವುದರಿಂದ ಆಗುವ ತಪ್ಪೇ ಹೆಚ್ಚು. ಆದ್ದರಿಂದ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ನಾಲ್ಕನೆಯದನ್ನು ಮೊದಲು ಮಾಡಿದರೆ ಒಂದನೆಯದರ ತಪ್ಪು ಮುಚ್ಚಿಹೋಗುತ್ತದೆ, ಮತ್ತೆ ಅದು ಕಣ್ಣಿಗೆ ಬೀಳುವುದಿಲ್ಲ.

ಮೊದಲು ಕೈಯಲ್ಲಿ ಇರಬೇಕಾದವು

ಮೂಲ ಕನ್ನಡ ಮಾತು ಅಥವಾ ಬರಹ, ಹೇಳಿದವರ ಶಬ್ದಗಳಲ್ಲೇ ಇರಬೇಕು. ತುಳು, ಬ್ಯಾರಿ ಅಥವಾ ಕೊಂಕಣಿಯಲ್ಲಿ ಹೇಳಿದ್ದರೆ ಆ ಭಾಷೆಯ ವಾಕ್ಯವನ್ನೇ ಮೊದಲು ಬರೆದುಕೊಳ್ಳಿ. ತುಳುವಿನಿಂದ ಕನ್ನಡ, ಕನ್ನಡದಿಂದ ಇಂಗ್ಲಿಷ್ ಎಂದು ಎರಡು ದಾಟು ದಾಟುವಾಗ ಅರ್ಥ ಸವೆಯುತ್ತದೆ.

ಕಾನೂನು ಅಥವಾ ಆಸ್ಪತ್ರೆಯ ವಿಷಯವಾದರೆ ಬ್ರೆತ್ ಅನಲೈಸರ್‌ನ ಚೀಟಿ, ವೈದ್ಯರ ಸರ್ಟಿಫಿಕೇಟ್, ಲ್ಯಾಬ್ ವರದಿ, ಇವುಗಳಲ್ಲಿ ಯಾವುದು ಇದೆಯೋ ಅದು ಬೇಕು. ಇಲ್ಲದಿದ್ದರೆ ‘ಇಲ್ಲ’ ಎಂದು ಗುರುತು ಹಾಕಿಕೊಳ್ಳಿ. ಆ ಗುರುತು ಮುಂದೆ ಬಹಳ ಕೆಲಸಕ್ಕೆ ಬರುತ್ತದೆ.

ಲರ್ನರ್ಸ್ ಡಿಕ್ಷನರಿ ಒಂದು. ಆಕ್ಸ್‌ಫರ್ಡ್, ಕೇಂಬ್ರಿಡ್ಜ್, ಲಾಂಗ್‌ಮನ್ ಮೂರೂ ಆನ್‌ಲೈನ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಇವುಗಳಲ್ಲಿ ಅರ್ಥದ ಪಕ್ಕದಲ್ಲೇ ಫಾರ್ಮಲ್, ಇನ್‌ಫಾರ್ಮಲ್, ಸ್ಲ್ಯಾಂಗ್, ಬ್ರಿಟಿಷ್, ಓಲ್ಡ್ ಫ್ಯಾಶನ್ಡ್ ಎಂಬ ಗುರುತು ಇರುತ್ತದೆ. ನಮಗೆ ಬೇಕಾದದ್ದು ಆ ಗುರುತು. ಸಮಾನಾರ್ಥಕ ಪದಗಳ ಪಟ್ಟಿ ಕೊಡುವ ಥೆಸಾರಸ್ ಈ ಕೆಲಸಕ್ಕೆ ಅಪಾಯಕಾರಿ. ಅದು ಟಿಪ್ಸಿ, ಪ್ಲಾಸ್ಟರ್ಡ್, ಇನೀಬ್ರಿಯೇಟೆಡ್ ಮೂರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುತ್ತದೆ.

ಹಂತ 1: ‘ಕುಡಿದಿದ್ದ’ ಎಂಬುದನ್ನು ಬಿಡಿಸಿಕೊಳ್ಳಿ

ಅತಿ ಹೆಚ್ಚು ಸಮಯ ಕೊಡಬೇಕಾದ ಹಂತ ಇದು. ಕನ್ನಡದಲ್ಲಿ ‘ಅವನು ಕುಡಿದಿದ್ದ’ ಎಂದರೆ ಮದ್ಯ ಸೇವಿಸಿದ್ದ ಎಂದೂ ಆಗುತ್ತದೆ, ಅಮಲಿನಲ್ಲಿದ್ದ ಎಂದೂ ಆಗುತ್ತದೆ. ನಾವು ಸಂದರ್ಭದಿಂದ ಅರ್ಥ ಮಾಡಿಕೊಳ್ಳುತ್ತೇವೆ. ಇಂಗ್ಲಿಷ್‌ನಲ್ಲಿ ಎರಡಕ್ಕೂ ಬೇರೆ ಬೇರೆ ವಾಕ್ಯ ಬೇಕು, ಬರೆಯುವವರು ಒಂದನ್ನು ಆರಿಸಲೇಬೇಕು. ನಾಲ್ಕು ಬೇರೆ ಸಂಗತಿಗಳನ್ನು ಇಲ್ಲಿ ವಿಂಗಡಿಸಿ.

ಒಂದು, ಚಟ. ‘ಅವನು ಕುಡಿಯುತ್ತಾನೆ’ ಎನ್ನುವುದಕ್ಕೆ ‘ಹಿ ಡ್ರಿಂಕ್ಸ್’ ಸಾಕು. ಆ ಹೊತ್ತಿನಲ್ಲಿ ಕುಡಿದಿದ್ದನೇ ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ. ಡ್ರಂಕರ್ಡ್, ಆಲ್ಕೊಹಾಲಿಕ್ ಎರಡೂ ಚಟದ ಪದಗಳೇ. ಡ್ರಂಕರ್ಡ್‌ನಲ್ಲಿ ತಿರಸ್ಕಾರ ಇದೆ. ಆಲ್ಕೊಹಾಲಿಕ್ ಎಂದು ವೈದ್ಯರೂ ಈಗ ಸುಲಭಕ್ಕೆ ಬರೆಯುವುದಿಲ್ಲ, ಆಲ್ಕೊಹಾಲ್ ಯೂಸ್ ಡಿಸಾರ್ಡರ್ ಅಥವಾ ಆಲ್ಕೊಹಾಲ್ ಡಿಪೆಂಡೆನ್ಸ್ ಎನ್ನುತ್ತಾರೆ. ‘ಕುಡಿದ ವ್ಯಕ್ತಿ ನೇತ್ರಾವತಿಗೆ ಬಿದ್ದ’ ಎಂಬ ಸುದ್ದಿಯಲ್ಲಿ ‘ಎ ಡ್ರಂಕರ್ಡ್’ ಎಂದು ಬರೆದರೆ, ಜೀವನದಲ್ಲಿ ಒಂದೇ ಸಲ ಕುಡಿದವನ ಮೇಲೆ ಆಯುಷ್ಯಪೂರ್ತಿಯ ಹಣೆಪಟ್ಟಿ ಅಂಟಿಸಿದಂತೆ. ಇದನ್ನು ಓದುವ ಮನೆಯವರು ಇರುತ್ತಾರೆ.

ಎರಡು, ಕ್ರಿಯೆ. ಮದ್ಯ ಒಳಗೆ ಹೋಗಿದೆ, ಅಷ್ಟೇ ಗೊತ್ತು. ‘ಹಿ ಹ್ಯಾಡ್ ಬೀನ್ ಡ್ರಿಂಕಿಂಗ್’ ಅಥವಾ ‘ಹಿ ಹ್ಯಾಡ್ ಕನ್ಸ್ಯೂಮ್ಡ್ ಆಲ್ಕೊಹಾಲ್’. ಅಮಲು ಏರಿತ್ತೇ ಇಲ್ಲವೇ ಎಂಬುದನ್ನು ಈ ವಾಕ್ಯಗಳು ಹೇಳುವುದಿಲ್ಲ.

ಮೂರು, ಪರಿಣಾಮ. ದೇಹ, ಮಾತು, ನಡಿಗೆ, ವಿವೇಚನೆ ಕೆಟ್ಟಿದೆ. ಡ್ರಂಕ್, ಇಂಟಾಕ್ಸಿಕೇಟೆಡ್, ಇನೀಬ್ರಿಯೇಟೆಡ್, ಅಂಡರ್ ದಿ ಇನ್‌ಫ್ಲುಯೆನ್ಸ್ ಎಲ್ಲವೂ ಈ ಗುಂಪಿನವು.

ನಾಲ್ಕು, ಕುರುಹು ಮಾತ್ರ. ಬಾಯಿಯಿಂದ ವಾಸನೆ ಬರುತ್ತಿತ್ತು, ಕಣ್ಣು ಕೆಂಪಾಗಿತ್ತು, ತೂರಾಡುತ್ತಿದ್ದ. ಹೀಗಿದ್ದರೆ ಕಂಡದ್ದನ್ನೇ ಬರೆಯಿರಿ: ‘ಹಿಸ್ ಬ್ರೆತ್ ಸ್ಮೆಲ್ಟ್ ಆಫ್ ಆಲ್ಕೊಹಾಲ್’, ‘ಹಿ ವಾಸ್ ಅನ್‌ಸ್ಟೆಡಿ ಆನ್ ಹಿಸ್ ಫೀಟ್’, ‘ಹಿಸ್ ಸ್ಪೀಚ್ ವಾಸ್ ಸ್ಲರ್ಡ್’.

ವೈದ್ಯರು ಕೊಡುವ ಡ್ರಂಕನ್‌ನೆಸ್ ಸರ್ಟಿಫಿಕೇಟ್ ಇದನ್ನೇ ವಿಂಗಡಿಸುತ್ತದೆ. ಅದರಲ್ಲಿ ಸಾಮಾನ್ಯವಾಗಿ ಮೂರು ಅಭಿಪ್ರಾಯಗಳಲ್ಲಿ ಒಂದು ಇರುತ್ತದೆ: ಮದ್ಯ ಸೇವಿಸಿಲ್ಲ; ಸೇವಿಸಿದ್ದಾನೆ, ಆದರೆ ಅದರ ಪ್ರಭಾವದಲ್ಲಿಲ್ಲ; ಸೇವಿಸಿದ್ದಾನೆ ಮತ್ತು ಪ್ರಭಾವದಲ್ಲಿದ್ದಾನೆ. ನಡುವಿನ ಅಭಿಪ್ರಾಯ ಬಂದಿರುವ ಪ್ರಕರಣದಲ್ಲಿ ‘ಹಿ ವಾಸ್ ಡ್ರಂಕ್’ ಎಂದು ಅನುವಾದಿಸಿದರೆ ಅದು ವೈದ್ಯರು ಹೇಳಿದ್ದರ ತದ್ವಿರುದ್ಧ.

ಹಣದ ದೃಷ್ಟಿಯಿಂದಲೂ ಈ ವ್ಯತ್ಯಾಸ ದೊಡ್ಡದು. ವಾಹನ ವಿಮೆಯ ಪಾಲಿಸಿಗಳಲ್ಲಿ ಚಾಲಕ ‘ಅಂಡರ್ ದಿ ಇನ್‌ಫ್ಲುಯೆನ್ಸ್ ಆಫ್ ಇಂಟಾಕ್ಸಿಕೇಟಿಂಗ್ ಲಿಕ್ಕರ್ ಆರ್ ಡ್ರಗ್ಸ್’ ಇದ್ದರೆ ವಾಹನದ ಹಾನಿಗೆ ಪರಿಹಾರವಿಲ್ಲ ಎಂಬ ಷರತ್ತು ಇರುತ್ತದೆ. ಇಫ್ಕೋ ಟೋಕಿಯೋ ಮತ್ತು ಪರ್ಲ್ ಬೆವರೇಜಸ್ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರಲ್ಲಿ, ಉಸಿರಿನ ಅಥವಾ ರಕ್ತದ ಪರೀಕ್ಷೆ ನಡೆದಿಲ್ಲ ಎಂಬ ಕಾರಣಕ್ಕೆ ಈ ಷರತ್ತನ್ನು ಸಾಬೀತು ಮಾಡಲು ವಿಮಾ ಕಂಪನಿಗೆ ಅವಕಾಶವೇ ಇಲ್ಲವೆಂದಾಗುವುದಿಲ್ಲ, ಸುತ್ತಲಿನ ಸಂಗತಿಗಳಿಂದಲೂ ತೋರಿಸಬಹುದು ಎಂದಿತು. ಹಾಗಾಗಿ ಕ್ಯಾಶುವಾಲ್ಟಿ ನೋಟ್ಸ್‌ನ ಒಂದು ಸಾಲು ಮುಂದೆ ಯಾರ ಕೈಯಲ್ಲಿ ಹೇಗೆ ಓದಿಸಿಕೊಳ್ಳುತ್ತದೆ ಎಂದು ಯೋಚಿಸಿಯೇ ಬರೆಯಬೇಕು. ವಾಸನೆ ಮಾತ್ರ ಕಂಡಿದ್ದರೆ ವಾಸನೆ ಎಂದೇ ಬರೆಯಿರಿ. ಹೆಚ್ಚಿಸಿ ಬರೆದರೆ ಗಾಯಾಳುವಿಗೆ ಅನ್ಯಾಯ, ಕಂಡದ್ದನ್ನು ಬಿಟ್ಟರೆ ದಾಖಲೆಗೆ ಅನ್ಯಾಯ.

ಎಚ್ಚರಿಕೆಯ ಚಿಹ್ನೆ: ನಿಮ್ಮ ಇಂಗ್ಲಿಷ್ ವಾಕ್ಯದಲ್ಲಿ ಡ್ರಂಕ್ ಅಥವಾ ಇಂಟಾಕ್ಸಿಕೇಟೆಡ್ ಇದೆ, ಆದರೆ ‘ನಿಮಗೆ ಹೇಗೆ ಗೊತ್ತು’ ಎಂದು ಯಾರಾದರೂ ಕೇಳಿದರೆ ‘ವಾಸನೆ ಬಂತು’ ಎನ್ನುವುದಕ್ಕಿಂತ ಹೆಚ್ಚಿನ ಉತ್ತರ ನಿಮ್ಮಲ್ಲಿಲ್ಲ. ಪದ ಬದಲಿಸಿ.

ಹಂತ 2: ಏನು ಸೇವಿಸಿದ್ದು ಎಂದು ಖಚಿತಪಡಿಸಿಕೊಳ್ಳಿ

ಕನ್ನಡದ ‘ಅಮಲು’, ‘ನಶೆ’, ‘ಮತ್ತು’ ಎಂಬ ಪದಗಳು ಮದ್ಯಕ್ಕೂ ಗಾಂಜಾಕ್ಕೂ ಸಮನಾಗಿ ಹೊಂದುತ್ತವೆ. ಇಂಗ್ಲಿಷ್ ಪದಗಳಲ್ಲಿ ಹೆಚ್ಚಿನವು ಹಾಗಲ್ಲ.

ಡ್ರಂಕ್, ಟಿಪ್ಸಿ ಮದ್ಯಕ್ಕೆ ಮಾತ್ರ. ಇನೀಬ್ರಿಯೇಟೆಡ್ ಸಹ ಬಳಕೆಯಲ್ಲಿ ಮದ್ಯಕ್ಕೇ ಸಲ್ಲುತ್ತದೆ. ಇಂಟಾಕ್ಸಿಕೇಟೆಡ್ ಮದ್ಯ, ಮಾದಕ ವಸ್ತು ಎರಡಕ್ಕೂ ಸಲ್ಲುತ್ತದೆ. ವಸ್ತು ಯಾವುದೆಂದು ಗೊತ್ತಿಲ್ಲದಾಗ ಇದೇ ಸುರಕ್ಷಿತ. ಹೈ ಎಂಬುದು ಈಗ ಮುಖ್ಯವಾಗಿ ಡ್ರಗ್ಸ್‌ನ ಪದ. ನಮ್ಮಲ್ಲಿ ಎರಡು ಬಿಯರ್ ಆದಮೇಲೂ ‘ಹೈ ಆಗಿದೆ’ ಎನ್ನುತ್ತಾರೆ, ಹೊರದೇಶದ ಓದುಗ ಅದನ್ನು ಡ್ರಗ್ಸ್ ಎಂದೇ ಓದುತ್ತಾನೆ. ಸ್ಟೋನ್ಡ್ ಬಹುಮಟ್ಟಿಗೆ ಗಾಂಜಾಕ್ಕೆ, ಟ್ರಿಪ್ಪಿಂಗ್ ಎಲ್‌ಎಸ್‌ಡಿಯಂಥ ಭ್ರಮೆ ಹುಟ್ಟಿಸುವ ವಸ್ತುಗಳಿಗೆ, ವೈರ್ಡ್ ಎಂಬುದು ಉತ್ತೇಜಕಗಳಿಂದ ನಿದ್ದೆಗೆಟ್ಟು ಚಡಪಡಿಸುವ ಸ್ಥಿತಿಗೆ. ಮೂರೂ ಆಡುಮಾತು, ವರದಿಯಲ್ಲಿ ಬೇಡ.

ಡ್ರಗ್ಡ್ ಎಂಬ ಪದದಲ್ಲಿ ಬಹಳ ಮಂದಿ ಎಡವುತ್ತಾರೆ. ‘ಶಿ ವಾಸ್ ಡ್ರಗ್ಡ್’ ಎಂದರೆ ಬೇರೆ ಯಾರೋ ಅವಳಿಗೆ ಗೊತ್ತಿಲ್ಲದೆ ಅಥವಾ ಬಲವಂತದಿಂದ ಕೊಟ್ಟಿದ್ದಾರೆ ಎಂದು. ತಾನಾಗಿ ಸೇವಿಸಿದ್ದರೆ ‘ಶಿ ವಾಸ್ ಆನ್ ಡ್ರಗ್ಸ್’ ಅಥವಾ ‘ಶಿ ಹ್ಯಾಡ್ ಟೇಕನ್ ಡ್ರಗ್ಸ್’. ಪಾನೀಯಕ್ಕೆ ಯಾರೋ ಬೆರೆಸಿದ್ದರೆ ‘ಹರ್ ಡ್ರಿಂಕ್ ವಾಸ್ ಸ್ಪೈಕ್ಡ್’. ಭಾರತೀಯ ನ್ಯಾಯ ಸಂಹಿತೆಯ 23ನೇ ಕಲಂ ಅರಿವಿಗೆ ಬಾರದೆ ಅಥವಾ ಇಚ್ಛೆಗೆ ವಿರುದ್ಧವಾಗಿ ಉಂಟಾದ ಅಮಲಿನ ಕುರಿತದ್ದು. ತಾನಾಗಿ ತಂದುಕೊಂಡ ಅಮಲನ್ನು ಅದು ಬೇರೆಯಾಗಿಯೇ ನೋಡುತ್ತದೆ. ಇಲ್ಲಿ ಪದ ಅದಲುಬದಲಾದರೆ ಸಂತ್ರಸ್ತೆ ತಪ್ಪಿತಸ್ಥೆಯಾಗಿ ಕಾಣುತ್ತಾಳೆ.

ಪಾಸಿಟಿವ್ ವರದಿಯನ್ನೂ ಎಚ್ಚರದಿಂದ ಓದಿ. ಗಾಂಜಾದ ಅಂಶ ಸೇವಿಸಿದ ಹಲವು ದಿನಗಳವರೆಗೆ, ನಿತ್ಯ ಸೇವಿಸುವವರಲ್ಲಿ ವಾರಗಟ್ಟಲೆ ಮೂತ್ರದಲ್ಲಿ ಸಿಗುತ್ತದೆ. ಮೂತ್ರ ಪರೀಕ್ಷೆಯ ಆಧಾರದಲ್ಲಿ ‘ಟೆಸ್ಟೆಡ್ ಪಾಸಿಟಿವ್ ಫಾರ್ ಕ್ಯಾನಬಿಸ್’ ಎನ್ನಬಹುದು. ‘ಘಟನೆಯ ವೇಳೆ ಹೈ ಆಗಿದ್ದ’ ಎನ್ನಲು ಅದು ಸಾಲದು.

ನಮ್ಮ ಊರಿನದೇ ಎರಡು ವಿಷಯ. ಎಲೆ ಅಡಿಕೆ ಹಾಕಿ ಸೊಕ್ಕಿದರೆ, ಮೈ ಬೆವರಿ ತಲೆ ಸುತ್ತಿದರೆ, ಅದು ಇಂಟಾಕ್ಸಿಕೇಟೆಡ್ ಅಲ್ಲ. ‘ಐ ಫೆಲ್ಟ್ ಲೈಟ್‌ಹೆಡೆಡ್’ ಸಾಕು. ಇನ್ನು ಶೇಂದಿಗೆ ಟಾಡಿ ಎಂಬುದು ಭಾರತದ ಇಂಗ್ಲಿಷ್‌ನಲ್ಲಿ ಸರಿ. ಬ್ರಿಟನ್, ಅಮೆರಿಕದ ಓದುಗನಿಗೆ ಟಾಡಿ ಎಂದರೆ ಬಿಸಿನೀರು, ವಿಸ್ಕಿ, ಜೇನು ಸೇರಿಸಿದ ಪಾನೀಯ. ಹೊರಗಿನವರಿಗೆ ಬರೆಯುವಾಗ ಪಾಮ್ ವೈನ್ ಎನ್ನಿ.

ಹಂತ 3: ಯಾವ ಹೊತ್ತಿನ ಸ್ಥಿತಿ ಎಂದು ಗುರುತಿಸಿ

ಕುಡಿಯುವಾಗ, ಅಮಲು ಏರಿದಾಗ, ಪ್ರಜ್ಞೆ ತಪ್ಪಿದಾಗ, ಮರುದಿನ ಬೆಳಿಗ್ಗೆ, ಕುಡಿತ ಬಿಟ್ಟ ಎರಡನೇ ದಿನ: ಪ್ರತಿ ಹೊತ್ತಿಗೂ ಬೇರೆ ಪದ ಇದೆ.

ಹ್ಯಾಂಗೋವರ್ ಎಂದರೆ ಅಮಲು ಇಳಿದ ಮೇಲಿನ ತಲೆನೋವು, ವಾಕರಿಕೆ, ಬಾಯಾರಿಕೆ. ‘ಇನ್ನೂ ಅಮಲಿನಲ್ಲಿದ್ದ’ ಎಂಬ ಅರ್ಥದಲ್ಲಿ ಅದನ್ನು ಬಳಸಬೇಡಿ. ಅದಕ್ಕೆ ‘ಸ್ಟಿಲ್ ಡ್ರಂಕ್’ ಎನ್ನಬೇಕು. ಗುಣವಾಚಕವಾಗಿ ಬೇಕಾದರೆ ಹಂಗೋವರ್: ‘ಹಿ ವಾಸ್ ಹಂಗೋವರ್’. ‘ಹಿ ವಾಸ್ ಹ್ಯಾಂಗೋವರ್’ ತಪ್ಪು.

ಪಾಸ್ಡ್ ಔಟ್ ಎಂದರೆ ಪ್ರಜ್ಞೆ ತಪ್ಪಿ ಬಿದ್ದ. ಬ್ಲ್ಯಾಕ್‌ಔಟ್ ಎಂದರೆ ಕುಡಿತದ ಸಂದರ್ಭದಲ್ಲಿ ಎಚ್ಚರವಾಗಿಯೇ ಇದ್ದ, ಮಾತಾಡಿದ, ನಡೆದ, ಆದರೆ ಏನೂ ನೆನಪಿಲ್ಲ. ಬ್ಲ್ಯಾಕ್‌ಔಟ್ ಪದಕ್ಕೆ ಮೂರ್ಛೆ ಎಂಬ ಅರ್ಥವೂ ಇರುವುದರಿಂದ ಆಸ್ಪತ್ರೆಯ ಬರಹದಲ್ಲಿ ಎರಡನ್ನೂ ಬಿಟ್ಟು ‘ಲಾಸ್ ಆಫ್ ಕಾನ್ಷಿಯಸ್‌ನೆಸ್’ ಅಥವಾ ‘ನೋ ಮೆಮರಿ ಆಫ್ ದಿ ಈವೆಂಟ್’ ಎಂದು ಬಿಡಿಸಿ ಬರೆಯಿರಿ. ತಲೆಗೆ ಪೆಟ್ಟು ಬಿದ್ದ ರೋಗಿಯಲ್ಲಿ ಈ ಎರಡರ ನಡುವಿನ ವ್ಯತ್ಯಾಸವೇ ಮುಂದಿನ ನಿರ್ಧಾರಕ್ಕೆ ಆಧಾರ.

‘ಪಾಸ್ಡ್ ಔಟ್’ಗೆ ಇನ್ನೊಂದು ಎಚ್ಚರಿಕೆ ಇದೆ. ‘ಐ ಪಾಸ್ಡ್ ಔಟ್ ಇನ್ 2019’ ಎಂದು ರೆಸ್ಯೂಮೆಯಲ್ಲಿ ಬರೆಯುವುದು ಭಾರತದ ಬಳಕೆ. ಬ್ರಿಟನ್ನಿನಲ್ಲಿ ಅದು ಸೈನಿಕ ತರಬೇತಿ ಮುಗಿಸಿದವರಿಗೆ ಹೇಳುವ ಮಾತು, ಉಳಿದವರಿಗೆ ಮೂರ್ಛೆ. ‘ಗ್ರಾಜುಯೇಟೆಡ್’ ಎಂದು ಬರೆಯಿರಿ.

ವಿತ್‌ಡ್ರಾವಲ್ ಅಮಲಿನ ವಿರುದ್ಧ ದಿಕ್ಕಿನದು. ದಿನವೂ ಕುಡಿಯುವವರು ಥಟ್ಟನೆ ನಿಲ್ಲಿಸಿದಾಗ, ಸಾಮಾನ್ಯವಾಗಿ ಕೊನೆಯ ಗುಟುಕಿನ 6ರಿಂದ 24 ಗಂಟೆಗಳೊಳಗೆ ಕೈನಡುಕ, ಬೆವರು, ಚಡಪಡಿಕೆ ಶುರುವಾಗುತ್ತದೆ. 48ರಿಂದ 96 ಗಂಟೆಗಳ ನಡುವೆ ಕೆಲವರಿಗೆ ಡೆಲಿರಿಯಂ ಟ್ರೆಮೆನ್ಸ್ ಬರುತ್ತದೆ: ಗೊಂದಲ, ಇಲ್ಲದ್ದು ಕಾಣುವುದು, ಜ್ವರ. ಚಿಕಿತ್ಸೆ ಸಿಗದಿದ್ದರೆ ಜೀವಕ್ಕೆ ಅಪಾಯ. ಕಾಲುಮುರಿದು ದಾಖಲಾಗಿ ಮೂರನೇ ದಿನ ವಾರ್ಡ್‌ನಲ್ಲಿ ಅಸಂಬದ್ಧ ಮಾತಾಡುವ ರೋಗಿಯನ್ನು ‘ಕುಡಿದಿದ್ದಾನೆ’ ಎಂದು ಬರೆದುಬಿಡುವುದು ಇಲ್ಲಿ ಆಗಬಹುದಾದ ಅತ್ಯಂತ ಕೆಟ್ಟ ತಪ್ಪು.

ಹಾಗೆಯೇ ಸಕ್ಕರೆ ಇಳಿದವರು, ತಲೆಗೆ ಪೆಟ್ಟಾದವರು, ಫಿಟ್ಸ್ ಬಂದು ಈಗಷ್ಟೇ ಎಚ್ಚರಾದವರು, ಪಾರ್ಶ್ವವಾಯು ಆದವರು ತೊದಲುತ್ತಾರೆ, ತೂರಾಡುತ್ತಾರೆ. ಸಕ್ಕರೆ ಕಾಯಿಲೆ ವಿಪರೀತಕ್ಕೆ ಹೋದವರ ಉಸಿರಿನಲ್ಲಿ ಬರುವ ಹಣ್ಣಿನಂಥ ವಾಸನೆಯನ್ನು ಮದ್ಯದ ವಾಸನೆ ಎಂದು ತಪ್ಪಾಗಿ ತಿಳಿಯುವುದುಂಟು. ಮೊದಲ ಪಾಳಿಯವರು ಡ್ರಂಕ್ ಎಂದು ಬರೆದ ಮೇಲೆ ಎರಡನೇ ಪಾಳಿಯವರು ಗ್ಲೂಕೋಸ್ ನೋಡದೆ ಇರುವ ಅಪಾಯವಿದೆ. ಆದ್ದರಿಂದ ‘ಅನ್‌ಸ್ಟೆಡಿ’, ‘ಕನ್‌ಫ್ಯೂಸ್ಡ್’, ‘ಡ್ರೌಸಿ’ ಎಂದು ಕಂಡದ್ದನ್ನು ಬರೆದು, ಕಾರಣದ ಜಾಗವನ್ನು ಪರೀಕ್ಷೆ ಆಗುವವರೆಗೆ ಖಾಲಿ ಬಿಡಿ.

ಹಂತ 4: ಎಷ್ಟು ಏರಿದೆ ಎಂದು ಅಳೆಯಿರಿ

ಕೆಳಗಿನಿಂದ ಮೇಲಕ್ಕೆ ಹೋದರೆ ಮೊದಲು ಟಿಪ್ಸಿ. ಮಾತು ಸ್ವಲ್ಪ ಜಾಸ್ತಿ, ನಗು ಸುಲಭ, ಮುಖ ಬಿಸಿ, ಆದರೆ ನಡಿಗೆ ನೇರ. ಅಮೆರಿಕದವರು ಬಝ್ಡ್ ಎನ್ನುತ್ತಾರೆ, ಬ್ರಿಟಿಷರು ಮೆರಿ ಎನ್ನುವುದುಂಟು. ಇದರ ಮೇಲೆ ಡ್ರಂಕ್: ನಾಲಿಗೆ ತೊದಲುತ್ತದೆ, ಹೆಜ್ಜೆ ತಪ್ಪುತ್ತದೆ, ಹೇಳಿದ್ದನ್ನೇ ಹೇಳುತ್ತಾರೆ. ಅದಕ್ಕೂ ಮೇಲೆ ಹ್ಯಾಮರ್ಡ್, ಸ್ಮ್ಯಾಶ್ಡ್, ಪ್ಲಾಸ್ಟರ್ಡ್, ವೇಸ್ಟೆಡ್, ಸ್ಲಾಶ್ಡ್. ಬ್ರಿಟಿಷ್ ಆಡುಮಾತಿನಲ್ಲಿ ಕಾಲು ನಿಲ್ಲದವನು ಲೆಗ್‌ಲೆಸ್, ಅಲುಗಾಡಲೂ ಆಗದವನು ಪ್ಯಾರಲಿಟಿಕ್.

ಮೇಲಿನ ಗುಂಪಿನ ಐದಾರು ಪದಗಳಲ್ಲಿ ಯಾವುದು ಹೆಚ್ಚು, ಯಾವುದು ಕಡಿಮೆ ಎಂದು ತಲೆ ಕೆಡಿಸಿಕೊಳ್ಳಬೇಡಿ. ಅವುಗಳ ನಡುವೆ ಸ್ಥಿರವಾದ ಏಣಿ ಇಲ್ಲ, ಊರು ಮತ್ತು ವಯಸ್ಸಿಗೆ ತಕ್ಕಂತೆ ಬದಲಾಗುತ್ತವೆ. ನಿಜವಾಗಿ ಕಾಪಾಡಬೇಕಾದ ಗಡಿಗಳು ಎರಡೇ: ಟಿಪ್ಸಿ ಮತ್ತು ಡ್ರಂಕ್ ನಡುವೆ ಒಂದು, ಡ್ರಂಕ್ ಮತ್ತು ಪಾಸ್ಡ್ ಔಟ್ ನಡುವೆ ಇನ್ನೊಂದು. ನಮ್ಮ ‘ಫುಲ್ ಟೈಟ್’ ಅನ್ನು ‘ಫುಲ್ಲಿ ಟೈಟ್’ ಎಂದು ಇಂಗ್ಲಿಷ್‌ಗೆ ಒಯ್ಯಬೇಡಿ. ಟೈಟ್‌ಗೆ ಕುಡಿದವ ಎಂಬ ಅರ್ಥ ಇಂಗ್ಲಿಷ್‌ನಲ್ಲೂ ಇದೆ, ಆದರೆ ಅದು ಹಳತಾಗಿದೆ. ಇಂದಿನ ಓದುಗನಿಗೆ ಬಿಗಿ ಅಥವಾ ಜುಗ್ಗ ಎಂದು ತೋರುತ್ತದೆ. ‘ವೆರಿ ಡ್ರಂಕ್’ ಎಂದರೆ ಯಾರಿಗೂ ಅರ್ಥವಾಗುತ್ತದೆ.

ಒಂದು ಮಾತು ಗಟ್ಟಿಯಾಗಿ ಹೇಳಲೇಬೇಕು. ಟಿಪ್ಸಿ ಎಂಬುದು ‘ಕಾನೂನಿನ ಮಿತಿಯೊಳಗೆ’ ಎಂದಲ್ಲ. ಖಾಲಿ ಹೊಟ್ಟೆಯಲ್ಲಿ 60 ಮಿ.ಲೀ. ವಿಸ್ಕಿಯೇ ಅನೇಕರನ್ನು ಭಾರತದ ಚಾಲನಾ ಮಿತಿಯ ಆಚೆ ದಾಟಿಸಬಲ್ಲದು, ನೋಡುವವರಿಗೆ ಅವರು ಸರಿಯಾಗೇ ಇರುವಂತೆ ಕಾಣಬಹುದು. ‘ಹಿ ವಾಸ್ ಓನ್ಲಿ ಟಿಪ್ಸಿ’ ಎಂದು ವಿವರಣೆಯಲ್ಲಿ ಬರೆದರೆ ಅದು ಸಮರ್ಥನೆ ಆಗುವುದಿಲ್ಲ, ಕುಡಿದು ಓಡಿಸಿದ್ದನ್ನು ಒಪ್ಪಿಕೊಂಡಂತೆ ಆಗುತ್ತದೆ.

ಹಂತ 5: ಓದುವವರು ಯಾರು ಎಂದು ನೋಡಿ

ನ್ಯಾಯಾಲಯಕ್ಕಾದರೆ ಕಾನೂನಿನ ಮಾತನ್ನೇ ಬಳಸಿ. ಮೋಟಾರು ವಾಹನ ಕಾಯ್ದೆ, 1988ರ 185ನೇ ಕಲಂನ ಶೀರ್ಷಿಕೆಯಲ್ಲಿ ‘ಡ್ರಂಕನ್ ಪರ್ಸನ್’ ಎಂದಿದೆ. ಮದ್ಯಕ್ಕೆ ಅಲ್ಲಿ ಅಳತೆ ಇದೆ, 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ ಮೀರಿರಬೇಕು. ಡ್ರಗ್ಸ್‌ಗೆ ಅಳತೆ ಇಲ್ಲ, ವಾಹನದ ಮೇಲೆ ಸರಿಯಾದ ಹಿಡಿತ ಇಟ್ಟುಕೊಳ್ಳಲಾಗದಷ್ಟು ‘ಅಂಡರ್ ದಿ ಇನ್‌ಫ್ಲುಯೆನ್ಸ್’ ಇರಬೇಕು. ಒಂದೇ ಕಲಂನಲ್ಲಿ ಎರಡು ಬಗೆಯ ಪುರಾವೆ, ಎರಡು ಬಗೆಯ ಪದ. 2019ರ ತಿದ್ದುಪಡಿಯ ಬಳಿಕ ಮೊದಲ ತಪ್ಪಿಗೆ 6 ತಿಂಗಳವರೆಗಿನ ಜೈಲು ಅಥವಾ 10,000 ರೂಪಾಯಿ ದಂಡ ಅಥವಾ ಎರಡೂ. ಸಾರ್ವಜನಿಕ ಸ್ಥಳದಲ್ಲಿ ಕುಡಿದು ಕಿರಿಕಿರಿ ಮಾಡಿದ ಪ್ರಕರಣವಾದರೆ ಭಾರತೀಯ ನ್ಯಾಯ ಸಂಹಿತೆಯ 355ನೇ ಕಲಂ. ಅಲ್ಲಿನ ಮಾತು ‘ಇನ್ ಎ ಸ್ಟೇಟ್ ಆಫ್ ಇಂಟಾಕ್ಸಿಕೇಶನ್’. 2024ರ ಜುಲೈ 1ಕ್ಕಿಂತ ಹಿಂದಿನ ಘಟನೆಗೆ ಹಳೆಯ ದಂಡ ಸಂಹಿತೆಯ 510ನೇ ಕಲಂ ಎಂಬುದನ್ನು ಮರೆಯಬೇಡಿ.

ಪತ್ರಿಕೆಗೆ ‘ಡ್ರಂಕ್’ ಸಾಕು. ‘ಇನ್ ಆ್ಯನ್ ಇನೀಬ್ರಿಯೇಟೆಡ್ ಕಂಡಿಶನ್’ ಎಂದು ಉದ್ದ ಮಾಡುವುದರಿಂದ ಗಾಂಭೀರ್ಯ ಬರುವುದಿಲ್ಲ. ಆರೋಪದ ಹಂತದಲ್ಲಿದ್ದರೆ ‘ಅಲೆಜೆಡ್ಲಿ’ ಅಥವಾ ‘ಪೊಲೀಸ್ ಸೆಡ್’ ಸೇರಿಸಿ.

ಹೋಟೆಲ್‌ನ ಇನ್ಸಿಡೆಂಟ್ ರಿಪೋರ್ಟ್‌ನಲ್ಲಿ ಅತಿಥಿಯ ಬಗ್ಗೆ ‘ಅಪಿಯರ್ಡ್ ಟು ಬಿ ಇಂಟಾಕ್ಸಿಕೇಟೆಡ್’ ಎಂದು ಬರೆದು ಅದರ ಮುಂದೆಯೇ ಕಾರಣ, ಸಮಯ, ಕಂಡವರ ಹುದ್ದೆ ಹಾಕಿ. ‘ಗೆಸ್ಟ್ ವಾಸ್ ಡ್ರಂಕ್ ಅಂಡ್ ಮಿಸ್‌ಬಿಹೇವ್ಡ್’ ಎಂಬ ಒಂದು ಸಾಲಿನ ವರದಿ ಯಾವ ಕೆಲಸಕ್ಕೂ ಬಾರದು.

ಕೊಲ್ಲಿ ದೇಶಗಳಲ್ಲಿರುವವರು ಕಚೇರಿಯ ಮೇಲ್‌ನಲ್ಲಿ, ವಾಟ್ಸ್ಆ್ಯಪ್ ಗುಂಪಿನಲ್ಲಿ ಟಿಪ್ಸಿ, ಹಂಗೋವರ್ ಎಂದು ತಮಾಷೆಗೂ ಬರೆಯದಿರುವುದು ಒಳ್ಳೆಯದು. ಕುವೈತ್‌ನಲ್ಲಿ ಮದ್ಯವೇ ನಿಷಿದ್ಧ. ಅಲ್ಲಿ ಈ ಪದಗಳಿಗೆ ಹಗುರವಾದ ಅರ್ಥ ಇಲ್ಲ.

ಹಂತ 6: ಯಾವ ದೇಶದ ಇಂಗ್ಲಿಷ್ ಎಂದು ಪರೀಕ್ಷಿಸಿ

ಪಿಸ್ಡ್ ಎಂದರೆ ಬ್ರಿಟನ್ನಿನಲ್ಲಿ ಕುಡಿದವ, ಅಮೆರಿಕದಲ್ಲಿ ಸಿಟ್ಟಾದವ. ಪಿಸ್ಡ್ ಆಫ್ ಎಂದರೆ ಎರಡೂ ಕಡೆ ಸಿಟ್ಟು. ಎರಡೂ ಒರಟು ಮಾತು, ಕೇಳಿದಾಗ ಅರ್ಥವಾದರೆ ಸಾಕು. ಕುಡಿದು ಓಡಿಸುವುದಕ್ಕೆ ಬ್ರಿಟನ್ನಿನಲ್ಲಿ ಡ್ರಿಂಕ್ ಡ್ರೈವಿಂಗ್, ಅಮೆರಿಕದಲ್ಲಿ ಡ್ರಂಕ್ ಡ್ರೈವಿಂಗ್ ಅಥವಾ ಡಿಯುಐ (ಡ್ರೈವಿಂಗ್ ಅಂಡರ್ ದಿ ಇನ್‌ಫ್ಲುಯೆನ್ಸ್). ನಮ್ಮಲ್ಲಿ ಬಾಯಿಗೆ ಬಂದಿರುವ ‘ಡ್ರಂಕ್ ಅಂಡ್ ಡ್ರೈವ್ ಕೇಸ್’ ಎಲ್ಲಿಯೂ ಸರಿಯಲ್ಲ, ‘ಡ್ರಂಕ್ ಡ್ರೈವಿಂಗ್ ಕೇಸ್’ ಎನ್ನಿ. ಮಿತಿಯೂ ಬೇರೆ: ಇಂಗ್ಲೆಂಡ್‌ನಲ್ಲಿ 100 ಮಿ.ಲೀ. ರಕ್ತಕ್ಕೆ 80 ಮಿ.ಗ್ರಾಂ, ಸ್ಕಾಟ್ಲೆಂಡ್‌ನಲ್ಲಿ 2014ರಿಂದ 50. ಹಾಗಾಗಿ ‘ಓವರ್ ದಿ ಲಿಮಿಟ್’ ಎಂದು ಬರೆದರೆ ಯಾವ ದೇಶದ ಲಿಮಿಟ್ ಎಂದು ಹೇಳಬೇಕಾಗುತ್ತದೆ.

ಹಂತ 7: ವ್ಯಾಕರಣದ ಕೀಲುಗಳನ್ನು ಬಿಗಿ ಮಾಡಿ

ಡ್ರಿಂಕ್, ಡ್ರ್ಯಾಂಕ್, ಡ್ರಂಕ್. ‘ಹಿ ಹ್ಯಾಡ್ ಡ್ರಂಕ್ ಟೂ ಪೆಗ್ಸ್’ ಎಂದರೆ ಎರಡು ಪೆಗ್ ಕುಡಿದಿದ್ದ. ‘ಹಿ ವಾಸ್ ಡ್ರಂಕ್’ ಎಂದರೆ ಅಮಲಿನಲ್ಲಿದ್ದ. ಹ್ಯಾಡ್ ಮತ್ತು ವಾಸ್ ಎಂಬ ಒಂದು ಪದದ ವ್ಯತ್ಯಾಸ ಹಂತ 1ರ ಎರಡನೆಯ, ಮೂರನೆಯ ಅರ್ಥಗಳನ್ನು ಬೇರ್ಪಡಿಸುತ್ತದೆ. ‘ಹಿ ವಾಸ್ ಡ್ರಂಕ್ ಟೂ ಪೆಗ್ಸ್’ ಎಂಬುದು ಇಂಗ್ಲಿಷೇ ಅಲ್ಲ.

ಡ್ರಂಕ್ ಕ್ರಿಯಾಪದದ ನಂತರ ಬರುತ್ತದೆ, ಡ್ರಂಕನ್ ನಾಮಪದದ ಮುಂದೆ: ‘ದಿ ಮ್ಯಾನ್ ವಾಸ್ ಡ್ರಂಕ್’, ‘ಎ ಡ್ರಂಕನ್ ಬ್ರಾಲ್’. ‘ಹಿ ವಾಸ್ ಡ್ರಂಕನ್’ ತಪ್ಪು. ‘ಡ್ರಂಕ್ ಡ್ರೈವರ್’, ‘ಡ್ರಂಕ್ ಡ್ರೈವಿಂಗ್’ ಈ ನಿಯಮಕ್ಕೆ ಹೊರತಾಗಿ ನೆಲೆಯಾಗಿವೆ. ‘ಎ ಡ್ರಂಕ್’ ಎಂದು ನಾಮಪದ ಮಾಡಿದ ಕೂಡಲೇ ಅದು ಕುಡುಕ ಆಗುತ್ತದೆ, ಆ ಹೊತ್ತಿನ ಸ್ಥಿತಿ ಚಟವಾಗಿಬಿಡುತ್ತದೆ.

ಜೊತೆಗೆ ಬರುವ ಪದ: ಡ್ರಂಕ್ ಆನ್ ವಿಸ್ಕಿ, ಹೈ ಆನ್ ಗಾಂಜಾ, ಅಂಡರ್ ದಿ ಇನ್‌ಫ್ಲುಯೆನ್ಸ್ ಆಫ್ ಆಲ್ಕೊಹಾಲ್. ಅಧಿಕಾರದ ಅಮಲಿಗೆ ‘ಡ್ರಂಕ್ ವಿತ್ ಪವರ್’.

ಹಂತ 8: ಅಳತೆ, ಅಂಕಿ

30 ಮಿ.ಗ್ರಾಂ/100 ಮಿ.ಲೀ. ಎಂದರೆ ಶೇಕಡಾ 0.03. ಯಂತ್ರದ ಚೀಟಿಯಲ್ಲಿ 62 ಎಂದಿದ್ದರೆ ಅದು 0.062. ದಶಮಾಂಶ ಒಂದು ಸ್ಥಾನ ಜಾರಿ 0.62 ಆದರೆ ಜೀವವೇ ಉಳಿಯುವುದು ಕಷ್ಟವಾದ ಮಟ್ಟ ಅದು. ಏಕಮಾನ ಇಲ್ಲದೆ ಬರೀ 62 ಎಂದು ಎಂದಿಗೂ ಬರೆಯಬೇಡಿ.

ಪೆಗ್, ನೈಂಟಿ, ಕ್ವಾರ್ಟರ್ ನಮ್ಮ ಮಾತುಗಳು. ಸಣ್ಣ ಪೆಗ್ 30 ಮಿ.ಲೀ., ದೊಡ್ಡದು 60, ಕ್ವಾರ್ಟರ್ 180. ಬ್ರಿಟನ್ನಿನ ಪಬ್‌ನಲ್ಲಿ ಒಂದು ಸಿಂಗಲ್ 25 ಅಥವಾ 35 ಮಿ.ಲೀ. ಆದ್ದರಿಂದ ಮಿ.ಲೀ.ನಲ್ಲೇ ಬರೆಯಿರಿ. ಬ್ರಿಟಿಷ್ ಆಸ್ಪತ್ರೆಯವರು ಯೂನಿಟ್ ಕೇಳುತ್ತಾರೆ, ಒಂದು ಯೂನಿಟ್ ಎಂದರೆ 10 ಮಿ.ಲೀ. ಶುದ್ಧ ಆಲ್ಕೊಹಾಲ್. ಮಿ.ಲೀ.ಯನ್ನು ಬಾಟಲಿಯ ಮೇಲಿನ ಶೇಕಡಾ ಪ್ರಮಾಣದಿಂದ ಗುಣಿಸಿ 1,000ದಿಂದ ಭಾಗಿಸಿ. 42.8 ಶೇಕಡಾದ ಒಂದು ಕ್ವಾರ್ಟರ್‌ಗೆ 180 × 42.8 ÷ 1,000, ಸುಮಾರು 7.7 ಯೂನಿಟ್. ಆರೋಗ್ಯ ಸಿಬ್ಬಂದಿಯ ಇಂಗ್ಲಿಷ್ ಪರೀಕ್ಷೆಯಾದ ಒಇಟಿ ಬರೆಯುವ ನರ್ಸ್‌ಗಳು ಈ ಲೆಕ್ಕ ರೂಢಿ ಮಾಡಿಕೊಂಡರೆ ಅಲ್ಲಿನ ಕೆಲಸಕ್ಕೂ ಬರುತ್ತದೆ.

ಹಂತ 9: ತಿರುಗಿ ಕನ್ನಡಕ್ಕೆ ತಂದು ನೋಡಿ

ಬರೆದ ಇಂಗ್ಲಿಷ್ ವಾಕ್ಯವನ್ನು ಮೂಲ ನೋಡದೆ ಕನ್ನಡಕ್ಕೆ ತನ್ನಿ, ಆಮೇಲೆ ಮೂಲದ ಪಕ್ಕ ಇಡಿ. ದೂರಿನಲ್ಲಿ ಹೀಗಿದೆ ಎಂದುಕೊಳ್ಳಿ: ‘ಆರೋಪಿಯು ಕುಡಿದ ಅಮಲಿನಲ್ಲಿ ಪಂಪ್‌ವೆಲ್ ಬಳಿ ತೂರಾಡುತ್ತಾ ಬಂದು ನನ್ನನ್ನು ಅವಾಚ್ಯ ಶಬ್ದಗಳಿಂದ ಬೈದಿರುತ್ತಾನೆ.’ ಸಾಮಾನ್ಯವಾಗಿ ಕಾಣುವ ಅನುವಾದ: ‘ದಿ ಅಕ್ಯೂಸ್ಡ್, ಎ ಡ್ರಂಕರ್ಡ್, ಕೇಮ್ ನಿಯರ್ ಪಂಪ್‌ವೆಲ್ ಅಂಡ್ ಅಬ್ಯೂಸ್ಡ್ ಮಿ.’ ತಿರುಗಿ ತಂದರೆ: ‘ಕುಡುಕನಾದ ಆರೋಪಿ ಪಂಪ್‌ವೆಲ್ ಬಳಿ ಬಂದು ಬೈದ.’ ತೂರಾಟ ಬಿಟ್ಟುಹೋಯಿತು, ಆ ರಾತ್ರಿಯ ಅಮಲು ಬಿಟ್ಟುಹೋಯಿತು, ಇಲ್ಲದ ಚಟ ಬಂದು ಸೇರಿತು.

ಸರಿಯಾದದ್ದು: ‘ದಿ ಅಕ್ಯೂಸ್ಡ್ ಕೇಮ್ ಸ್ಟ್ಯಾಗರಿಂಗ್ ನಿಯರ್ ಪಂಪ್‌ವೆಲ್ ಇನ್ ಎ ಡ್ರಂಕನ್ ಸ್ಟೇಟ್ ಅಂಡ್ ಅಬ್ಯೂಸ್ಡ್ ಮಿ ಇನ್ ಫಿಲ್ತಿ ಲ್ಯಾಂಗ್ವೇಜ್.’

ಇಲ್ಲಿ ‘ಅಪಿಯರ್ಡ್ ಟು ಬಿ ಡ್ರಂಕ್’ ಎಂದು ಮೆತ್ತಗೆ ಮಾಡಲೂ ಬಾರದು. ಹಂತ 1ರ ಎಚ್ಚರ ನಿಮ್ಮ ಸ್ವಂತ ವರದಿಗೆ. ಅನುವಾದಿಸುವಾಗ ದೂರುದಾರರು ಖಚಿತವಾಗಿ ಹೇಳಿದ್ದನ್ನು ಖಚಿತವಾಗಿಯೇ ಇಡಬೇಕು. ಅದು ನಿಜವೇ ಎಂದು ತೂಗುವುದು ನ್ಯಾಯಾಲಯದ ಕೆಲಸ. ದೂರುದಾರರು ‘ಕುಡಿದವನಂತೆ ಕಾಣುತ್ತಿದ್ದ’ ಎಂದಿದ್ದರೆ ಮಾತ್ರ ‘ಅಪಿಯರ್ಡ್’.

ಮೂಲದಲ್ಲಿ ಬರೀ ‘ಕುಡಿದಿದ್ದ’ ಎಂದಿದ್ದು, ಕ್ರಿಯೆಯೋ ಪರಿಣಾಮವೋ ತಿಳಿಯದಿದ್ದರೆ ಹೇಳಿದವರನ್ನೇ ಕೇಳಿ: ‘ಅಣ್ಣ, ಕುಡಿದದ್ದು ನೀವು ಕಂಡದ್ದಾ, ಇಲ್ಲ ನಡಿಗೆ ನೋಡಿ ಹೇಳಿದ್ದಾ?’ ಕೇಳಲು ಸಾಧ್ಯವಿಲ್ಲದಿದ್ದರೆ ‘ಹ್ಯಾಡ್ ಬೀನ್ ಡ್ರಿಂಕಿಂಗ್’ ಬಳಸಿ, ಮೂಲ ಪದವನ್ನು ಟಿಪ್ಪಣಿಯಲ್ಲಿ ಕೊಡಿ.

ಸಹಿ ಆದಮೇಲೆ ತಪ್ಪು ಕಂಡರೆ ವೈಟ್ನರ್ ಹಚ್ಚಬೇಡಿ, ಹಾಳೆ ಬದಲಿಸಬೇಡಿ. ತಪ್ಪಿದ ಪದ ಓದಲು ಬರುವಂತೆ ಒಂದೇ ಗೆರೆ ಎಳೆದು, ಮೇಲೆ ಸರಿಯಾದ ಪದ ಬರೆದು, ಪಕ್ಕದಲ್ಲಿ ಚಿಕ್ಕ ಸಹಿ, ದಿನಾಂಕ ಮತ್ತು ಸಮಯ ಹಾಕಿ.